ಅರ್ಧ ಕಡಲಿಗೆ, ಅರ್ಧ ಮಸಾರಿಗೆ

ಆ ಮೊಂಡು ಕೊರಡನ್ನೂ ಒಟ್ಟಿಬಿಡಿ, ಬೆಂಕಿ ಆರದಿರಲಿ. ನಮಗೆ ಚಳಿ ಬಿಡುತ್ತದೆ, ಕರಡಿಯೂ ಈ ಕಡೆ ತಲೆ ಹಾಕುವುದಿಲ್ಲ. ಗುಡೇಕೋಟೆ ಸೀಮೆಯಲ್ಲಿ ಬೆಂಕಿ ಮುಂದೆ ಕೂತರೆ ಮಾತು ಹೊರಳುವುದು ಪಾಳೇಗಾರರ ಕೋಟೆಗೆ, ಓಬವ್ವ ನಮ್ಮೂರ ಮಗಳು ಎಂಬ ಹೆಮ್ಮೆಗೆ, ಇಲ್ಲವೇ ಯಾರದೋ ಬೆನ್ನು ಪರಚಿದ ಕರಡಿಗೆ. ಇವತ್ತು ನಾನು ಹೇಳುವುದು ಇಂಗ್ಲೆಂಡಿನಿಂದ ಒಂದು ರಟ್ಟಿನ ಕೊಳವೆಯಲ್ಲಿ ಊರಿಗೆ ಮರಳಿದ ಹೆಂಗಸಿನ ಕಥೆ. ಕೊರೊನಾ ಬರುವುದಕ್ಕೆ ಮುಂಚಿನ ಚಳಿಗಾಲ ಅದು. ಆಗಿನ್ನೂ ವಿಜಯನಗರ ಜಿಲ್ಲೆ ಆಗಿರಲಿಲ್ಲ, ನಮ್ಮ ಕೂಡ್ಲಿಗಿ ತಾಲ್ಲೂಕು ಬಳ್ಳಾರಿಗೇ ಸೇರಿತ್ತು. ನಾನು ಈ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ.

ಹೆಸರು ಬೇಡ, ಸಿಸ್ಟರಮ್ಮ ಎನ್ನೋಣ. ಊರವರು ಕರೆಯುತ್ತಿದ್ದದ್ದೂ ಹಾಗೇ. ಗುಡೇಕೋಟೆ ಪಕ್ಕದ ಹಳ್ಳಿಯವಳು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈ ಹಾಕಿದ ಮೊದಲಿಗರಲ್ಲಿ ಆತನೂ ಒಬ್ಬ. ಆ ಮಿಷನ್ನಿನ ಗಾಳಿ ಮುಂದೆ ನಮ್ಮ ಕಡೆಯ ಹಟ್ಟಿಗಳಿಗೂ ಬೀಸಿತು. ಸಿಸ್ಟರಮ್ಮನ ಅಜ್ಜನ ಕಾಲಕ್ಕೆ ಅವರ ಮನೆಯವರು ಕ್ರೈಸ್ತರಾದರು. ಅಪ್ಪನಿಗೆ ಇದ್ದದ್ದು ಒಂದು ತುಂಡು ಮಸಾರಿ ಹೊಲ, ಬದುವಿನ ಮೇಲೊಂದು ಹುಣಸೆಮರ. ಮಗಳು ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ಎಪ್ಪತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಹೋದಳು. ಅಲ್ಲೇ ಮಂಗಳೂರು ಕಡೆಯ ಕ್ಯಾಥೊಲಿಕ್ ಒಬ್ಬರನ್ನು ಮದುವೆಯಾದಳು. ದಕ್ಷಿಣದ ಕಡಲತೀರದ ಊರಿನಲ್ಲಿ ಮನೆ, ಒಬ್ಬಳೇ ಮಗಳು. ಗಂಡ ಮೊದಲೇ ತೀರಿಕೊಂಡಿದ್ದರು. ಇತ್ತ ತಮ್ಮ ಹೊಸಪೇಟೆ–ಕೊಟ್ಟೂರು ಮೀಟರ್ ಗೇಜ್ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿ ಹಳಿ ಕಾಯ್ದು, ನಿವೃತ್ತನಾಗಿ, ಆ ಹೊಲವನ್ನೇ ನೋಡಿಕೊಂಡಿದ್ದ.

ಆ ತಮ್ಮ ಒಂದು ಸಂಜೆ ನಮ್ಮ ಮನೆಗೆ ಬಂದು ಮೊಬೈಲ್ ನನ್ನ ಕೈಗಿಟ್ಟ. ಅಕ್ಕನ ಮಗಳ, ಅಂದರೆ ಸೊಸೆಯ, ಸಂದೇಶ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದೆ: ಅಮ್ಮ ತನ್ನ ಉಯಿಲಿನಲ್ಲಿ ಬರೆದಿದ್ದಾಳೆ, ದೇಹವನ್ನು ದಹನ ಮಾಡಬೇಕು, ಬೂದಿಯಲ್ಲಿ ಅರ್ಧ ಕಡಲಿಗೆ, ಅರ್ಧ ಗುಡೇಕೋಟೆ ಬೆಟ್ಟ ಕಾಣುವ ಜಾಗಕ್ಕೆ. ಕಡಲಿನದು ಮುಗಿದಿದೆ, ಉಳಿದರ್ಧ ತೆಗೆದುಕೊಂಡು ಬರುತ್ತಿದ್ದೇನೆ.

"ಸುಟ್ರಂತಾ? ನಮ್ಮಕ್ಕನ್ನ?" ಅಂದವನು ಕಟ್ಟೆಯ ಮೇಲೆ ಕುಸಿದು ಕೂತ. "ಅಲ್ಲಾ ಸರ, ನಮ್ಮಪ್ಪ ಸತ್ತಾಗ ಸಾಲ ಮಾಡಿ ಪೆಟ್ಟಿಗಿ ಮಾಡ್ಸಿದ್ವಿ. ಇಕಿ ಅಷ್ಟು ದುಡಿದಾಕಿ, ಇಕಿಗೆ ಆರಡಿ ಜಾಗ ಸಿಗ್ಲಿಲ್ಲೇನು ಆ ದೇಶದಾಗ?"

ಅವನ ಸಂಕಟ ಅರ್ಥವಾಗುವಂಥದೇ. ನಮ್ಮ ಕಡೆ ಸಾವಿಗೆ ಹೋಗಿಬಂದವರು 'ಮಣ್ಣಿಗೆ ಹೋಗಿದ್ದೆ' ಅನ್ನುತ್ತಾರೆ. ಲಿಂಗಾಯತರು ಕೂರಿಸಿ ಹೂಳುತ್ತಾರೆ, ನಾಯಕರು, ದಲಿತರು ಮಲಗಿಸಿ. ಮುಸಲ್ಮಾನರು, ಕ್ರೈಸ್ತರು ಹೇಗೂ ಹೂಳುವವರೇ. ಸುಡುವ ಮನೆಗಳು ಊರಿಗೆ ನಾಲ್ಕಾರು, ಅವರೂ ಅಸ್ಥಿ ಆಯ್ದುಕೊಂಡು ಹಂಪಿಗೋ ಹೊಳೆಗೋ ಹೋಗಿ ಬಿಟ್ಟು ಬರುತ್ತಾರೆ. ಹೊಲಕ್ಕೆ ಬೂದಿ ತಂದವರನ್ನು ನಮ್ಮೂರು ಕಂಡಿರಲಿಲ್ಲ. ಬ್ರಿಟನ್ನಿನಲ್ಲಿ ಈಗ ನಾಲ್ವರು ಸತ್ತರೆ ಮೂವರಿಗೂ ಮಿಕ್ಕಿ ದಹನಕ್ಕೇ ಹೋಗುತ್ತಾರೆ, ಅದರಲ್ಲಿ ಕ್ರೈಸ್ತರೇ ಹೆಚ್ಚು, ಇದು ನಿರ್ಗತಿಕತನವಲ್ಲ ಅಂತ ನಾನು ಹೇಳಿದೆ. ಅವನಿಗೆ ಅದು ಹತ್ತಲಿಲ್ಲ. ಇನ್ನೊಂದು ಮಾತು ಹತ್ತಿತು.

"ಜಾರ್ಜ್ ಫರ್ನಾಂಡಿಸ್ ಹೋದ ವರ್ಷ ಹೋದರಲ್ಲ, ಅವರನ್ನು ಏನು ಮಾಡಿದರು ಗೊತ್ತಾ?" ಅಂದೆ.

ಜಾರ್ಜ್ ಹೆಸರು ಕೇಳಿದರೆ ಅವನ ಬೆನ್ನು ತಾನೇ ನೆಟ್ಟಗಾಗುತ್ತಿತ್ತು. 1974ರ ಮೇ 8ರಿಂದ ದೇಶದ ರೈಲು ನಿಂತ ಆ ಮುಷ್ಕರದಲ್ಲಿ ಇವನೂ ಒಬ್ಬ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗ, ಪೊಲೀಸರು ಬಂದಾಗ ಜೋಳದ ಹೊಲದಲ್ಲಿ ಅವಿತು ಕೂತದ್ದನ್ನು ಮೂರು ಬಗೆಯಲ್ಲಿ ಹೇಳುತ್ತಿದ್ದ. ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು ಕಾರ್ಮಿಕರ ಕಡೆ ನಡೆದ ಜಾರ್ಜ್ 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡರು. ಲೋಧಿ ರಸ್ತೆಯ ಚಿತಾಗಾರದಲ್ಲಿ ದಹನವಾಯಿತು, ಆಮೇಲೆ ಬೂದಿಯನ್ನು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೂಳಿದರು. ಸುಡಬೇಕು ಎಂಬ ಆಸೆಯೂ ಅವರದಾಗಿತ್ತಂತೆ, ಹೂಳಬೇಕು ಎಂಬುದೂ, ಎರಡೂ ನಡೆದವು.

"ಜಾರ್ಜ್ ಸಾಹೇಬ್ರನ್ನೂ ಸುಟ್ರಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಬೂದಿ ಹೂಳ್ಯಾರ. ಗಾಳಿಗೆ ಬಿಟ್ಟಿಲ್ಲ. ಅದನ್ನ ಹೇಳಬೇಕು ನಮ್ಮ ಹುಡುಗಿಗೆ" ಅಂತ ಎದ್ದ. ಸುಟ್ಟದ್ದು ಒಪ್ಪಿಗೆಯಾಯಿತು, ಜಗಳ ಒಂದು ಮೆಟ್ಟಿಲು ಮೇಲೆ ಹೋಯಿತು.

ಸೊಸೆ ಬಂದಳು. ನಲವತ್ತು ದಾಟಿದ ಹೆಂಗಸು, ಪ್ಯಾಂಟು, ಬೆಟ್ಟ ಹತ್ತುವ ಬೂಟು. ಅವಳ ಕನ್ನಡ ಕೇಳಿದವರು ಮೊದಲು ಬಾಯಿಗೆ ಸೆರಗು ಹಿಡಿದರು, ಆಮೇಲೆ ಕಣ್ಣಿಗೆ. ತಾಯಿ ಎಪ್ಪತ್ತರ ದಶಕದಲ್ಲಿ ಒಯ್ದ ಮಾತನ್ನೇ ಅವಳು ಆಡುತ್ತಿದ್ದಳು. 'ಹೋಗಾನ ಬರ್ರಿ', 'ಬುತ್ತಿ ಕಟ್ರಿ'. ಅಂಥ ಮಾತನ್ನು ನಮ್ಮ ಹುಡುಗರೇ ಬಿಟ್ಟಿದ್ದರು.

ರಾತ್ರಿ ಹೊರಸಿನ ಮೇಲೆ ಕೂತು ಕಡಲಿನ ವಿಧಿಯನ್ನು ಹೇಳಿದಳು. ಅವರ ಊರಿನ ಚರ್ಚು ಇಂಗ್ಲೆಂಡ್ ಸಭೆಗೆ ಸೇರಿದ್ದು. ಆ ಸಭೆಯ ನಿಯಮದಲ್ಲೇ ಬೂದಿಗೆ ದಾರಿಯಿದೆ: ಚರ್ಚಿನ ಅಂಗಳಕ್ಕೆ, ಸ್ಮಶಾನಕ್ಕೆ, ಬಿಷಪ್ಪರು ಗೊತ್ತುಮಾಡಿದ ನೆಲಕ್ಕೆ, ಇಲ್ಲವೇ ಕಡಲಿಗೆ, ಪಾದ್ರಿಯ ಕೈಯಿಂದ ಗೌರವವಾಗಿ ಒಪ್ಪಿಸಬಹುದು. ಇಡೀ ದೇಹವನ್ನು ಕಡಲಿಗಿಳಿಸಲು ಸರ್ಕಾರದ ಪರವಾನಗಿ ಬೇಕು. ವೈಟ್ ದ್ವೀಪದ ನೀಡಲ್ಸ್ ಬಂಡೆಗಳ ಆಚೆ ಮುಂತಾಗಿ ಕೆಲವೇ ಜಾಗ ಗೊತ್ತುಮಾಡಿದ್ದಾರೆ. ಬೂದಿಗೆ ಅದಾವುದೂ ಬೇಕಿಲ್ಲ. ಒಂದು ಸಣ್ಣ ದೋಣಿ ಬಾಡಿಗೆಗೆ ಹಿಡಿದರಂತೆ. ದಡ ಸಣ್ಣದಾದ ಮೇಲೆ ಎಂಜಿನ್ ನಿಲ್ಲಿಸಿದರು. ಪಾದ್ರಿ ಕಾಲು ಅಗಲಿಸಿ ನಿಂತು, ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಪುಸ್ತಕ ಹಿಡಿದು ಓದಿದರು. ಕಡಲಲ್ಲಿ ಸತ್ತವರಿಗೆಂದು ಇಂಗ್ಲೆಂಡಿನವರು 1662ರ ಪ್ರಾರ್ಥನಾ ಪುಸ್ತಕದಲ್ಲೇ ಬೇರೆ ಕ್ರಮ ಬರೆದಿಟ್ಟಿದ್ದಾರೆ, ಹಡಗಿನವರ ದೇಶವಲ್ಲವೇ. ನೆಲದ ಹೆಸರು ಹೇಳಬೇಕಾದಲ್ಲಿ ನೀರಿನ ಹೆಸರು ಬರುತ್ತದೆ, ಕಡಲು ತನ್ನ ಸತ್ತವರನ್ನು ಒಂದು ದಿನ ಒಪ್ಪಿಸುತ್ತದೆ ಎಂಬ ನಂಬಿಕೆ ಜೊತೆಗೆ ಬರುತ್ತದೆ. ಬೂದಿಯನ್ನು ನೀರಿನಲ್ಲಿ ಕರಗುವ ಪೆಟ್ಟಿಗೆಯಲ್ಲಿಟ್ಟು ಹಗ್ಗದಿಂದ ಇಳಿಸಿದರು. ಸ್ವಲ್ಪ ಹೊತ್ತು ತೇಲಿ, ಒದ್ದೆಯಾಗಿ, ಓರೆಯಾಗಿ ಮುಳುಗಿತು. ಹೂವಿನ ಎಸಳು ಮಾತ್ರ ಚೆಲ್ಲಬೇಕು. ದಾರ, ಪ್ಲಾಸ್ಟಿಕ್ ಕೂಡದು. ಎಸಳುಗಳ ಸುತ್ತ ದೋಣಿ ಒಂದು ಸುತ್ತು ಹಾಕಿ ಮರಳಿತು. ದಡಕ್ಕೆ ಬಂದಮೇಲೆ ದೋಣಿಯವನು ಒಂದು ಪ್ರಮಾಣಪತ್ರ ಕೊಟ್ಟ: ದಿನ, ಹೊತ್ತು, ಅಕ್ಷಾಂಶ, ರೇಖಾಂಶ.

ಮಾವ ಆ ಕಾಗದವನ್ನು ಬಲ್ಬಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ನೀರಿಗೂ ನಂಬರ್ ಕೊಡ್ತಾರೇನವ್ವಾ?" ಅಂದ.

ಬೂದಿಯನ್ನು ನಾವು ನೋಡಿದ್ದು ಮಾರನೆಯ ಬೆಳಿಗ್ಗೆ. ರಟ್ಟಿನ ಕೊಳವೆ, ಅದರ ಸುತ್ತ ಕಡಲ ದಂಡೆಯ ಚಿತ್ರ. ವಿಮಾನದಲ್ಲಿ ತರಲು ಮರಣಪತ್ರ, ದಹನಪತ್ರ ಎರಡೂ ಇಟ್ಟುಕೊಂಡಿದ್ದಳು. ಎಕ್ಸ್‌ರೇ ಹಾಯದ ಲೋಹದ ಪಾತ್ರೆ ಬೇಡವೆಂದು ರಟ್ಟಿನದು ಆರಿಸಿದ್ದಳು. ಮುಚ್ಚಳ ತೆಗೆದಾಗ ಪಕ್ಕದ ಮನೆಯ ಅಜ್ಜಿ ಬಗ್ಗಿ ನೋಡಿ ಗಾಬರಿಯಾದಳು. ಎಲುಬಿನ ಚೂರು ಇರುತ್ತವೆ ಅಂದುಕೊಂಡಿದ್ದಳು. ಒಳಗಿದ್ದದ್ದು ಬಿಳಿ ಬೆರೆತ ಬೂದು ಬಣ್ಣದ ಪುಡಿ, ದಪ್ಪ ರವೆಯ ಹದ. ಬೆರಳಿಗೆ ಗರಗರ ಹತ್ತುತ್ತದೆ. ಒಲೆಯ ಬೂದಿಯ ನುಣುಪು ಅದಕ್ಕಿಲ್ಲ. ಅಲ್ಲಿ ಗ್ಯಾಸಿನ ಕುಲುಮೆಯಲ್ಲಿ ಸುಟ್ಟಮೇಲೆ ಉಳಿಯುವುದು ಎಲುಬು ಮಾತ್ರ, ಅದನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿ ಕೊಡುತ್ತಾರೆ; ದೊಡ್ಡವರದು ಎರಡು ಮೂರು ಕಿಲೋ ಆಗುತ್ತದೆ. ಅದರಲ್ಲಿ ಇದು ಅರ್ಧ. "ಎಂಥಾ ಕಟ್ಟುಮಸ್ತು ಹೆಂಗ್ಸು" ಅಂತಷ್ಟೇ ಹೇಳಿ ಅಜ್ಜಿ ಒಳಗೆ ಹೋದಳು.

ಸೊಸೆಯ ಮನಸ್ಸಿನಲ್ಲಿದ್ದದ್ದು ಗುಡೇಕೋಟೆಯ ಬಂಡೆ ಬೆಟ್ಟ. ತುದಿಗೆ ಹತ್ತಿ, ಅಲ್ಲಿಂದ ಗಾಳಿಗೆ ಬಿಡುವುದು. ತಾಯಿ ಗೋಡೆಗೆ ಹಾಕಿಕೊಂಡಿದ್ದ ಫೋಟೊದಲ್ಲಿ ಅದೇ ಬೆಟ್ಟವಂತೆ. ಅದಕ್ಕೆ ಮೂರು ಕಡೆಯಿಂದ ಅಡ್ಡಿ ಬಂತು.

ಮೊದಲನೆಯದು ಮಂಗಳೂರಿನಿಂದ. ಅವಳ ಅಪ್ಪನ ಅಕ್ಕ, ಎಂಬತ್ತು ದಾಟಿದ ಕ್ಯಾಥೊಲಿಕ್ ಹೆಂಗಸು, ವಿಡಿಯೊ ಕರೆಯಲ್ಲಿ ಜಪಸರ ಹಿಡಿದೇ ಮಾತಾಡಿದಳು. "ಸುಡಲು ನಮ್ಮವರೂ 1963ರಲ್ಲೇ ಒಪ್ಪಿದ್ದಾರೆ. ಆದರೆ 2016ರಲ್ಲಿ ರೋಮಿನಿಂದ ಸ್ಪಷ್ಟವಾಗಿ ಬಂದಿದೆ. ಗಾಳಿಗೆ ತೂರಬಾರದು, ನೀರಿಗೆ ಬಿಡಬಾರದು, ಮನೆಯಲ್ಲಿ ಇಟ್ಟುಕೊಳ್ಳಬಾರದು, ಹಂಚಿಕೊಳ್ಳಬಾರದು. ಪವಿತ್ರ ಜಾಗದಲ್ಲಿ ಇಡಬೇಕು. ಹೆಸರಿಲ್ಲದೆ ಹೋದರೆ ಪ್ರಾರ್ಥನೆ ಮಾಡುವವರು ಎಲ್ಲಿ ನಿಂತು ಮಾಡಬೇಕು ಮಗಾ?" ಅರ್ಧ ಆಗಲೇ ಕಡಲಿಗೆ ಹೋಗಿದೆ ಎಂಬುದನ್ನು ಸೊಸೆ ಅತ್ತೆಗೆ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಎರಡನೆಯದು ಅರಣ್ಯದ ಗಾರ್ಡ್. ದರೋಜಿಯ ನಂತರ 2013ರಲ್ಲಿ ಗುಡೇಕೋಟೆಯ ಕಾಡೂ ಕರಡಿಧಾಮವಾಗಿತ್ತು. ಅದರೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಆ ಹುಡುಗ ನನ್ನ ಶಿಷ್ಯನೇ. "ಸರ, ಅರ್ಜಿ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಏನಂತ ಬರೀತೀರಿ? ನಮ್ಮ ಫಾರಂನ್ಯಾಗ ಇದಕ್ಕ ಕಾಲಮ್ಮಿಲ್ಲ" ಅಂದ. ಸಂಜೆಯಾದರೆ ಬಂಡೆ ಸಂದಿಯಿಂದ ಕರಡಿ ಹೊರಬೀಳುತ್ತವೆ, ಅದನ್ನೂ ನೆನಪಿಸಿದ.

ಮೂರನೆಯದು ಮಾವ. ಅವನದು ಧರ್ಮದ ಮಾತಾಗಿರಲಿಲ್ಲ, ಆದರೂ ಮಂಗಳೂರಿನ ಅತ್ತೆಯ ಮಾತೇ ಆಗಿತ್ತು. "ನವೆಂಬರ್ ಎರಡಕ್ಕ ಎಲ್ಲಾರೂ ಗೋರಿಗೆ ಸುಣ್ಣ ಬಳದು ಮೇಣಬತ್ತಿ ಹಚ್ತಾರ. ನಾ ಎಲ್ಲಿ ಹಚ್ಚಲಿ? ಗಾಳಿಗೆ ಹಚ್ಚಲೇನು?"

ಆ ಹೊತ್ತಿಗೆ ಅಂಗಳದಲ್ಲಿ ಊರ ಹಿರಿಯರೂ ಸೇರಿದ್ದರು. ಸಾವಿನ ಮನೆಯ ಚರ್ಚೆಗೆ ಜಾತಿ ಅಡ್ಡ ಬರುವುದಿಲ್ಲ, ಊಟಕ್ಕೆ ಬಂದೀತು. ಒಬ್ಬರು ಗಾಂಧಿಯನ್ನು ತಂದರು. 1948ರ ಫೆಬ್ರುವರಿ 12ರಂದು ಗಾಂಧೀಜಿಯ ಬೂದಿಯನ್ನು ಅಲಹಾಬಾದಿನ ಸಂಗಮದಲ್ಲಿ ಬಿಟ್ಟರು, ದೇಶದ ಎಷ್ಟೋ ನದಿಗಳಲ್ಲಿ ಬಿಟ್ಟರು. ಆದರೆ ಕೂಡ್ಲಿಗಿಗೆ ಬಂದದ್ದನ್ನು ನಮ್ಮವರು ನೀರಿಗೆ ಬಿಡದೆ ಹುತಾತ್ಮರ ಸ್ಮಾರಕದಲ್ಲಿ ಇಟ್ಟುಕೊಂಡರು. ಇವತ್ತಿಗೂ ಜನವರಿ 30ಕ್ಕೆ ಅಲ್ಲಿಗೇ ಹೂವು ಹೋಗುತ್ತದೆ. "ನೀರಿಗೆ ಬಿಟ್ಟಿದ್ರ ಕೂಡ್ಲಿಗ್ಯಾಗ ಗಾಂಧಿ ಎಲ್ಲಿರ್ತಿದ್ದ?" ಅಂತ ಅವರ ವಾದ. ಮಾವ ತೊಡೆ ತಟ್ಟಿದ.

ಇನ್ನೊಬ್ಬರು ಕುಡತಿನಿಯ ಬೂದಿಗುಡ್ಡವನ್ನು ತಂದರು. ಬಳ್ಳಾರಿ ದಾರಿಯಲ್ಲಿ ಕಾಣುವ ಆ ಗುಡ್ಡ ಯಾವನೋ ರಾಕ್ಷಸನ ಹೆಣ ಸುಟ್ಟದ್ದು ಎಂಬುದು ನಮ್ಮ ಸೀಮೆಯ ಹಳೇ ನಂಬಿಕೆ. ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ, ತಿದ್ದಿದೆ: ಅದು ಸಾವಿರಾರು ವರ್ಷ ಹಿಂದಿನ ದನಗಾಹಿಗಳು ದೊಡ್ಡಿಯ ಸಗಣಿ ಸುಟ್ಟ ಬೂದಿ. ಆ ದಿಕ್ಕಿನಲ್ಲಿ ಮೊದಲು ಯೋಚಿಸಿದವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷ್ ಭೂವಿಜ್ಞಾನಿ. ಬಳ್ಳಾರಿ ಜಿಲ್ಲೆಯ ಕಲ್ಲುಮಣ್ಣನ್ನೆಲ್ಲ ಅಳೆದು 1895ರಲ್ಲಿ ದಪ್ಪ ಪುಸ್ತಕ ಬರೆದವರು. ಅವರೇ 1912ರ ಕೊನೆಗೆ ಕಲ್ಕತ್ತೆಯಲ್ಲಿ ತೀರಿಕೊಂಡಾಗ ದಹನವಾಯಿತು; ಸ್ಮಾರಕ ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿದೆ. "ನೋಡ್ರಿ, ಅವರಿಗೂ ಒಂದು ಜಾಗ ಐತಿ" ಅಂದ ಮಾವ. ನಾನು ಹೇಳಿದ್ದೆಲ್ಲ ಅವನ ಕಣಜಕ್ಕೇ ಹೋಗುತ್ತಿತ್ತು. ಸೊಸೆ ಮಾತ್ರ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವಳ ಪರವಾಗಿ ಅಂಗಳದಲ್ಲಿ ಯಾರೂ ಇರಲಿಲ್ಲ.

ಗಂಟು ಬಿಚ್ಚಿದ್ದು ಸಭಾಪಾಲಕರು. 1947ರಲ್ಲಿ ದಕ್ಷಿಣದ ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ಸಿ.ಎಸ್.ಐ. ಆದಾಗ ಲಂಡನ್ ಮಿಷನ್ನಿನ ಮನೆಗಳೂ ಅದರೊಳಗೆ ಬಂದವು. ಇವರು ಆ ಸಭೆಯವರು. ಬೈಕಿನಿಂದ ಇಳಿದು, ನೀರು ಕುಡಿದು, ಉಯಿಲಿನ ನಕಲು ಕೇಳಿದರು. ಎರಡು ಸಲ ಓದಿಸಿದರು. "ಬೆಟ್ಟದ ಮೇಲೆ ಅಂತ ಎಲ್ಲಿದೆ? ಬೆಟ್ಟ ಕಾಣುವ ಜಾಗ ಅಂತಿದೆ. ಅವರಪ್ಪನ ಹೊಲದಿಂದ ಬೆಟ್ಟ ಕಾಣುತ್ತೋ ಇಲ್ಲವೋ?" ಕಾಣುತ್ತದೆ. ಹುಣಸೆಮರದ ಬುಡದಲ್ಲಿ ನಿಂತರೆ ಇಡೀ ಸಾಲು ಕಾಣುತ್ತದೆ. "ಹಾಗಾದರೆ ಹೆಚ್ಚಿನದು ಮಣ್ಣಿಗೆ, ಒಂದು ಹಿಡಿ ಗಾಳಿಗೆ. ಪ್ರಾರ್ಥನೆ ಎರಡಕ್ಕೂ ಒಂದೇ" ಅಂದರು. ಮಾವ ಒಂದು ಹಿಡಿಯಲ್ಲಿ ಎಷ್ಟು ಬರುತ್ತದೆ ಅಂತ ವಿಚಾರಿಸಿದ. ಸೊಸೆ ತನ್ನ ಅಂಗೈ ತೋರಿಸಿದಳು. ಸಣ್ಣ ಕೈ. ಒಪ್ಪಿದ.

ನನ್ನದೂ ಒಂದು ಮಾತಿತ್ತು. ಆ ಬೂದಿಯಲ್ಲಿ ಉಪ್ಪು, ಕ್ಷಾರ ಬಹಳ; ಬುಡಕ್ಕೆ ಒಂದೇ ಕಡೆ ಸುರಿದರೆ ಮರದ ಬೇರು ಸುಡುತ್ತದೆ. ಮಣ್ಣಿಗೆ ಕಲಸಿ, ಬುಡದಿಂದ ದೂರಕ್ಕೆ ಹರವಬೇಕು. ಹಾಗೇ ಮಾವ ಮರದ ಸುತ್ತ ಮಾರು ದೂರ ಬಿಟ್ಟು ಮೊಣಕಾಲುದ್ದ ಕಾಲುವೆ ತೋಡಿಸಿದ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಎಲ್ಲ ಸೇರಿದೆವು. ಕೀರ್ತನೆ ನೂರಾ ಇಪ್ಪತ್ತೊಂದನ್ನು ಸಭಾಪಾಲಕರು ಓದಿದರು. ಬೆಟ್ಟಗಳ ಕಡೆ ಕಣ್ಣೆತ್ತುವ ಕೀರ್ತನೆ, ಅವರು ಬೇಕಂತಲೇ ಆರಿಸಿದ್ದರು. ಊರ ಕ್ರೈಸ್ತ ಹೆಂಗಸರು ಹಾಡಿದರು. ಸೊಸೆ ಮೊಣಕಾಲೂರಿ ಕಾಲುವೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಸುರಿಯುತ್ತ ಹೋದಳು, ಹಿಂದೆಯೇ ಮಾವ ಬರಿಗೈಯಿಂದ ಕೆಂಪು ಮಣ್ಣು ಎಳೆದು ಕಲಸುತ್ತ ಹೋದ. ಬೂದು ಬಣ್ಣ ಕೆಂಪಿನಲ್ಲಿ ಅಡಗುತ್ತ ಬಂತು. ಮಣ್ಣು, ಬೂದಿ, ಧೂಳು ಎಂಬ ಮೂರನ್ನೂ ಹೆಸರಿಸುವ ಪ್ರಾರ್ಥನೆಗೆ ಬಂದಾಗ ಸಭಾಪಾಲಕರು ಒಂದೊಂದಕ್ಕೂ ಒಂದೊಂದು ಹಿಡಿ ಮಣ್ಣು ಹಾಕಿದರು. ಶವದ ಪೆಟ್ಟಿಗೆಯ ಮೇಲೆ ಆ ಹಿಡಿಮಣ್ಣು ಬಿದ್ದಾಗ ಆಗುವ ಸದ್ದು ಇಲ್ಲಿ ಆಗಲಿಲ್ಲ. ಊರವರು ಆ ಸದ್ದಿಗೆ ಕಾದಿದ್ದರು ಅಂತ ಕಾಣುತ್ತದೆ. ಅದು ಬಾರದೆ ಹೋದದ್ದಕ್ಕೇ ಯಾರೂ ಅಳಲು ಶುರುಮಾಡಲಿಲ್ಲವೇನೋ.

ಕೊನೆಯ ಹಿಡಿ ಉಳಿದಿತ್ತು. ಸೊಸೆ ಎದ್ದು ಬೆಟ್ಟದ ಕಡೆ ಮುಖ ಮಾಡಿ ಕೈ ಎತ್ತಿದಳು.

"ತಡಿಯವ್ವಾ!" ಅಂತ ಹಿಂದಿನಿಂದ ಒಂದು ಕೂಗು. ಪಕ್ಕದ ಹೊಲದ ಲಿಂಗಾಯತರ ಮುದುಕ, ಜೀವಮಾನವೆಲ್ಲ ಕಣದಲ್ಲಿ ಜೋಳ ತೂರಿದವನು. ಅವನು ಪ್ರಾರ್ಥನೆಗೆ ಅಂತ ಬಂದಿರಲಿಲ್ಲ, ಬದುವಿನ ಮೇಲೆ ಟವೆಲ್ ಹಾಸಿಕೊಂಡು ಕೂತು ನೋಡುತ್ತಿದ್ದ. "ಎದುರುಗಾಳಿಗೆ ನಿಂತೀಯ, ಮುಖಕ್ಕೇ ಬರ್ತೈತಿ. ಈ ಕಡೆ ಬಾ." ತೋಳು ಹಿಡಿದು ಮರದ ಆಚೆ ಬದಿಗೆ ಕರೆದೊಯ್ದ. ಒಂದು ಚಿಟಿಕೆ ಧೂಳು ಬಿಟ್ಟು ನೋಡಿದ. "ಗಾಳಿ ಬೆನ್ನಿಗಿರಬೇಕು. ಕೈ ಮ್ಯಾಲೆತ್ತಬ್ಯಾಡ, ಸೊಂಟದ ಮಟ್ಟ ಸಾಕು. ಹೂಂ ಅಂದಾಗ ಬಿಡು." ಸಭಾಪಾಲಕರೂ ಪುಸ್ತಕ ಮುಚ್ಚಿ ಅವನ ಬಾಯನ್ನೇ ನೋಡುತ್ತ ನಿಂತರು. ಎಲೆ ಅಲ್ಲಾಡಿತು. ಮುದುಕ "ಹೂಂ" ಅಂದ.

ಹೋಯಿತು. ದಪ್ಪ ಕಣ ಅಲ್ಲೇ ಕಡಲೆ ಸಾಲಿನ ಮೇಲೆ ಉದುರಿತು, ನುಣ್ಣನೆಯದು ಒಂದಿಷ್ಟು ದೂರ ಹೋಯಿತು. "ಸಿಸ್ಟರಮ್ಮ ನನ್ನ ಹೊಲಕ್ಕೂ ಬಂದ್ಲು ನೋಡು. ನಮ್ಮ ಹುಡ್ಗಂಗೆ ಸೂಜಿ ಹಾಕಿದ್ಲು ಒಮ್ಮೆ ರಜಾಕ್ಕ ಬಂದಾಗ" ಅಂದ ಮುದುಕ. ಆಗ ಮಾವ ಅತ್ತ. ಜೋರಾಗಿ, ಬಾಯಿ ತೆರೆದು ಅತ್ತ. ಹೆಂಗಸರೂ ಅತ್ತರು. ಆಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ.

ಸೊಸೆ ಹೊರಟು ಹೋದ ಸ್ವಲ್ಪ ದಿನಕ್ಕೆ ಕೊರೊನಾ ಬಂತು. ಪೆಟ್ಟಿಗೆಯಿದ್ದೂ ಸ್ಮಶಾನ ಸೇರಲು ಕಷ್ಟಪಟ್ಟವರ ಸುದ್ದಿ ಎಲ್ಲೆಡೆಯಿಂದ ಬಂತು. 2020ರ ಜುಲೈನಲ್ಲಿ ಕೇರಳದ ಆಲಪ್ಪುಳದ ಲ್ಯಾಟಿನ್ ಕ್ಯಾಥೊಲಿಕ್ ಧರ್ಮಪ್ರಾಂತ್ಯವೇ ಸೋಂಕಿನಿಂದ ಸತ್ತವರನ್ನು ದಹಿಸಿ ಬೂದಿಯನ್ನು ಚರ್ಚಿನ ಸ್ಮಶಾನದಲ್ಲಿ ಹೂಳುವ ತೀರ್ಮಾನಕ್ಕೆ ಬಂತು. ಆ ಸುದ್ದಿ ಬಂದ ಪೇಪರನ್ನು ಮಾವ ತಾನೇ ತಂದು ತೋರಿಸಿದ. ಅವನ ಮುಖದಲ್ಲಿ ಮೊದಲೇ ಗೊತ್ತಿದ್ದವನ ಗತ್ತು. 2023ರ ಡಿಸೆಂಬರಿನಲ್ಲಿ ರೋಮ್ ಇನ್ನೂ ಒಂದು ಹೆಜ್ಜೆ ಸಡಿಲಿಸಿ, ಬೂದಿಯ ಸಣ್ಣದೊಂದು ಭಾಗವನ್ನು ತೀರಿಕೊಂಡವರಿಗೆ ಪ್ರಿಯವಾಗಿದ್ದ ಜಾಗದಲ್ಲಿ ಇಡಲು ಚರ್ಚಿನವರು ವಿಚಾರಿಸಿ ಒಪ್ಪಬಹುದು ಅಂತು. ತೂರುವುದಕ್ಕೆ ಮಾತ್ರ ಈಗಲೂ ಇಲ್ಲ.

ನವೆಂಬರ್ ಎರಡಕ್ಕೆ ಮಾವ ಹುಣಸೆಮರದ ಕೆಳಗೆ ಮೇಣಬತ್ತಿ ಹಚ್ಚುತ್ತಾನೆ, ಗಾಳಿಗೆ ಆರದಂತೆ ತಗಡಿನ ಡಬ್ಬಿ ಮುಚ್ಚುತ್ತಾನೆ. ಸೊಸೆ ಒಮ್ಮೆ ಅಲ್ಲಿಂದ ಕೇಳಿದಳಂತೆ, ಕಡಲಿನ ಪ್ರಮಾಣಪತ್ರದ ಪಕ್ಕ ಇದನ್ನೂ ಫ್ರೇಮ್ ಹಾಕಿಸಬೇಕು, ಹೊಲದ ಅಕ್ಷಾಂಶ ರೇಖಾಂಶ ಬರೆದು ಕಳಿಸಿ ಅಂತ. ನಾನು ಮೊಬೈಲಿನಲ್ಲಿ ತೆಗೆದು ಕೊಡುತ್ತೇನೆ ಅಂದೆ.

"ಅದ್ಯಾಕ ಸರ," ಅಂದ. "ಪಹಣಿ ತೆಗೆಸಿ ಕಳಿಸೀನಿ. ಸರ್ವೆ ನಂಬರ್ ಐತಿ, ಚಕ್ಕುಬಂದಿ ಐತಿ, ನಮ್ಮಪ್ಪನ ಹೆಸರೂ ಐತಿ."